ಹಲೀಮಾ ಖಾಲಾ ಮನೆಯ ಬಾಗಿಲ ದೀಪ

ಮೊನ್ನೆ ಮಧ್ಯಾಹ್ನ ಮಂಚದ ಕೆಳಗೆ ಉರುಳಿಹೋದ ಮಾತ್ರೆ ಡಬ್ಬಿ ಹುಡುಕಲೆಂದು ಟಾರ್ಚ್ ತೆಗೆದೆ. ಹತ್ತಲಿಲ್ಲ. ಹಿಂದಿನ ಮುಚ್ಚಳ ತಿರುಗಿಸಿದರೆ ಒಳಗಿನ ಸೆಲ್ಲುಗಳು ಒಡೆದು ಬಿಳಿ ಪುಡಿ ಕಾರಿಕೊಂಡಿದ್ದವು. ಹುಳಿ ಬೆರೆತ ಕಬ್ಬಿಣದಂಥ ವಾಸನೆ. ನಿಮಗೂ ಗೊತ್ತಿರಬಹುದು, ಬಹಳ ದಿನ ಯಾರೂ ಮುಟ್ಟದೆ ಬಿಟ್ಟ ಸಾಮಾನಿನ ವಾಸನೆ ಅದು. ಎದ್ದು ಎಸೆಯುವುದು ಬಿಟ್ಟು ಸುಮ್ಮನೆ ಮಂಚದ ಮೇಲೆ ಕೂತುಬಿಟ್ಟೆ. ಬೀದರಿನ ಈ ಮನೆಯಲ್ಲಿ ನಾನು ಹೀಗೆ ಕೂತರೆ ಯಾಕೆ ಕೂತೆ ಎಂದು ಕೇಳುವವರಿಲ್ಲ. ಅದೊಂದು ಸೌಕರ್ಯ ಎಂದು ಬಂದವರ ಮುಂದೆ ಹೇಳುತ್ತೇನೆ, ಬರುವವರೂ ಕಡಿಮೆ.

ಆ ವಾಸನೆಗೆ ನೆನಪಾದದ್ದು ಠಾಣಾ ಕುಶನೂರು. ವಿಜ್ಞಾನದ ಟೀಚರಾಗಿ ನನ್ನ ಮೊದಲ ನೌಕರಿ ಅಲ್ಲಿ. ಊರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹಲೀಮಾ ಎಂಬವರ ಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಖಾಲಾ ಒಬ್ಬರೇ ಇದ್ದು, ಊರ ಹೆಂಗಸರಿಗೆ ಬ್ಲೌಸು, ಲಂಗ ಹೊಲಿಯುತ್ತಿದ್ದರು. ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಅವರ ಕಿವಿ ಮಂದವಾಗುತ್ತ, ನಾನು ಹೋಗುವ ಹೊತ್ತಿಗೆ ಪೂರ್ತಿ ಹೋಗಿತ್ತು. ಎದುರು ನಿಂತು ನಿಧಾನ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಹೊಲಿಸುವವರು ಬಾಗಿಲು ಬಡಿದು ಬೇಸತ್ತು ಬೇರೆ ಕಡೆ ಹೋಗತೊಡಗಿದ್ದರು. ನಮ್ಮಿಬ್ಬರಿಗೂ ಹಿತ್ತಲು ಒಂದೇ ಇದ್ದುದರಿಂದ ನನಗೆ ಆ ತೊಂದರೆ ಇರಲಿಲ್ಲ. ಸಂಜೆ ಹಿತ್ತಲಿನಿಂದ ಒಳಗೆ ಹೋಗಿ ಅವರ ಮಷೀನಿನ ಪಕ್ಕ ಕೂರುತ್ತಿದ್ದೆ. ಆ ಊರಲ್ಲಿ ಶಾಲೆ ಬಿಟ್ಟ ಮೇಲೆ ನಾನು ಮಾತಾಡುತ್ತಿದ್ದುದು ಕಿವಿ ಕೇಳದ ಅವರೊಬ್ಬರ ಜೊತೆಗೇ.

ಎದುರಿನ ಹಿಟ್ಟಿನ ಗಿರಣಿಯ ಶಾಂತಾಬಾಯಿ ಒಂದು ದಿನ ನನ್ನನ್ನು ಕರೆದು ಒಂದು ಸಂಗತಿ ಹೇಳಿದರು. ಖಾಲಾನ ಮಗಳು ಶಾಹೀನ್ ತನ್ನ ಇಷ್ಟದ ಹುಡುಗನನ್ನು ಮದುವೆಯಾಗಿ ಭಾಲ್ಕಿಗೆ ಹೋದಾಗಿನಿಂದ ತಾಯಿ ಮಗಳಿಗೆ ಮಾತಿರಲಿಲ್ಲ. ಆ ಮಗಳು ಹಿಂದಿನ ವಾರ ಮಗುವನ್ನು ಎತ್ತಿಕೊಂಡು ಬಂದು, ಬಿಸಿಲಲ್ಲಿ ನಿಂತು ಬಾಗಿಲು ಬಡಿದು ಬಡಿದು ತಿರುಗಿ ಹೋದಳಂತೆ. ಗಿರಣಿ ನಿಲ್ಲಿಸಿ ಇವರು ಹೊರಗೆ ಬರುವಷ್ಟರಲ್ಲಿ ಅವಳು ಬಸ್ಸು ಹತ್ತಿದ್ದಳು.

ಖಾಲಾಗೆ ಹೇಳಿದೆ. ಮಷೀನು ತುಳಿಯುತ್ತಿದ್ದ ಕಾಲು ನಿಂತಿತು.

“ಬಂದಿದ್ಳಾ?” ಎಂದರು. ಸೂಜಿಯ ಕೆಳಗಿನ ಬಟ್ಟೆ ಬಿಡಿಸಿಕೊಳ್ಳುತ್ತ, “ಅಮ್ಮಿ ಸಿಟ್ಟಿಲೆ ಬಾಗಲಾ ತೆಗೀಲಿಲ್ಲ ಅಂತ ತಿಳ್ಕೊಂಡು ಹೋಗ್ಯಾಳ” ಎಂದರು.

ಮರುದಿನದಿಂದ ಬಾಗಿಲು ತೆರೆದೇ ಇಟ್ಟರು. ಮೇಕೆಗಳು ನುಗ್ಗಿ ಯಾರದೋ ಬ್ಲೌಸಿನ ಬಟ್ಟೆ ಅಗಿದವು. ಸೂಜಿಗಿಂತ ಬಾಗಿಲನ್ನೇ ಹೆಚ್ಚು ನೋಡುತ್ತ ಹೊಲಿದು ಬೆರಳು ಚುಚ್ಚಿಕೊಂಡರು.

ಆ ದಿನಗಳಲ್ಲೇ ನಾನು ಆರನೇ ತರಗತಿಗೆ ವಿದ್ಯುತ್ ಮಂಡಲದ ಪಾಠ ಮಾಡುತ್ತಿದ್ದೆ. ಸೆಲ್ಲಿನ ಧನ ತುದಿಯಿಂದ ಹೊರಟ ವಿದ್ಯುತ್ತು ತಂತಿಗುಂಟ ಬಲ್ಬಿಗೆ ಹೋಗಿ, ಒಳಗಿನ ಸಣ್ಣ ತಂತುವನ್ನು ಕಾಯಿಸಿ ಬೆಳಗಿಸಿ, ಇನ್ನೊಂದು ತಂತಿಯಿಂದ ಋಣ ತುದಿಗೆ ಮರಳಬೇಕು. ದಾರಿ ಎಲ್ಲೇ ಕಡಿದರೂ ಬೆಳಕಿಲ್ಲ. ಸ್ವಿಚ್ ಅಂದರೆ ಬೇಕಾದಾಗ ಕೂಡಿಸಿ, ಬೇಡವಾದಾಗ ಕಡಿಯುವ ಜಾಗ, ಅಷ್ಟೇ. ಮಂಗಲಾ ಎಂಬ ಹುಡುಗಿ ಎದ್ದು, “ಹೋಗ್ಲಾಕ ಒಂದ ತಂತಿ ಸಾಕಲ್ರಿ ಟೀಚರ್?” ಎಂದಳು. ಹೋಗಲು ಸಾಕು, ತಿರುಗಿ ಬರಲು ಇನ್ನೊಂದು ಬೇಕು ಎಂದು ಉತ್ತರ ಹೇಳುವಾಗಲೇ ನನಗೆ ಖಾಲಾನ ಬಾಗಿಲು ನೆನಪಾಯಿತು.

ರವಿವಾರ ಮಂಗಲಾ ಮತ್ತು ಅವಳ ಗೆಳತಿಯರೊಂದಿಗೆ ಕೆಲಸ ಶುರುಮಾಡಿದೆ. ಹೊರಬಾಗಿಲ ಚೌಕಟ್ಟಿಗೆ ಒತ್ತುವ ಗುಂಡಿ, ಮಷೀನಿನ ಎದುರು ಗೋಡೆಗೆ ಟಾರ್ಚಿನ ಬಲ್ಬು, ನಡುವೆ ಎರಡು ಸೆಲ್ಲು. ಮನೆಯ ಕರೆಂಟಿಗೆ ಕೈ ಹಚ್ಚಬಾರದೆಂದು ಮಕ್ಕಳಿಗೆ ಪಾಠದಲ್ಲೇ ಹೇಳಿದ್ದೆ. ಹಗಲಲ್ಲಿ ಕರೆಂಟು ಇರುತ್ತಲೂ ಇರಲಿಲ್ಲ. ಎಲ್ಲ ಮುಗಿಸಿ ಗಂಭೀರವಾಗಿ ಗುಂಡಿ ಒತ್ತಿದೆ. ಬಲ್ಬು ಹತ್ತಲಿಲ್ಲ. ತಂತಿಯ ತುದಿ ಕೆರೆದೆ, ಬಲ್ಬು ತಿರುಗಿಸಿದೆ, ಬೆವತೆ. ಕೊನೆಗೆ ನೋಡಿದರೆ ಎರಡು ಸೆಲ್ಲುಗಳನ್ನೂ ತಲೆಗೆ ತಲೆ ಹಚ್ಚಿ ಇಟ್ಟಿದ್ದೆ. ಒಂದು ಈ ಕಡೆ ತಳ್ಳಿದರೆ ಇನ್ನೊಂದು ಆ ಕಡೆ ತಳ್ಳುತ್ತದೆ, ವಿದ್ಯುತ್ತು ಹರಿಯುವುದೆಲ್ಲಿ? ವಿಜ್ಞಾನದ ಪದವೀಧರೆ ಒಂದು ಸೆಲ್ಲು ತಿರುಗಿಸಿದಳು, ಬಲ್ಬು ಹತ್ತಿತು. ಖಾಲಾ ಎದ್ದು ಹೋಗಿ, ಮೊದಲ ಸಲ ನಿಶ್ಚಿಂತೆಯಿಂದ ಬಾಗಿಲು ಹಾಕಿಕೊಂಡರು.

ಆದರೆ ಬಾಗಿಲಿಗೆ ಗುಂಡಿ ಹಚ್ಚಿದ್ದು ಭಾಲ್ಕಿಯಲ್ಲಿದ್ದವಳಿಗೆ ಗೊತ್ತಾಗಬೇಕಲ್ಲ? ಅಳಿಯನ ಸೈಕಲ್ ಅಂಗಡಿ ಅಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಎಂದು ಶಾಂತಾಬಾಯಿ ಹೇಳಿದ್ದರು. ಖಾಲಾಗೆ ಹೇಳದೆ ಬಸ್ಸು ಹತ್ತಿದೆ. ಅಂಗಡಿಯ ಹಿಂದಿನ ಮನೆಯಲ್ಲಿ ಶಾಹೀನ್ ಚಹಾ ಕೊಟ್ಟಳು, ಮುಖ ಮಾತ್ರ ಗಟ್ಟಿ.

“ಒಳಗ ಮಷೀನ್ ಸಪ್ಪಳಾ ಕೇಳ್ತಿತ್ರಿ ಟೀಚರ್. ಇದ್ದೂ ತೆಗೀಲಿಲ್ಲ ಅಮ್ಮಿ.”

“ಆ ಸಪ್ಪಳಾನೂ ಅವ್ರಿಗಿ ಕೇಳಂಗಿಲ್ಲಮ್ಮ” ಎಂದೆ.

ಅವಳು ಚಹಾದ ಬಸಿ ಕೆಳಗಿಟ್ಟಳು. ಕಿವಿ ಅಷ್ಟು ಹೋಗಿದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು. ಮಗು ನನ್ನನ್ನು ಸಿಟ್ಟಿನಿಂದ ನೋಡಿತು. ಚೌಕಟ್ಟಿನ ಗುಂಡಿ ಒತ್ತಿದರೆ ಅಮ್ಮಿಯ ಎದುರು ದೀಪ ಹತ್ತುತ್ತದೆ ಎಂದು ಹೇಳಿ ಎದ್ದೆ.

ಮುಂದಿನ ವಾರ ಶಾಲೆಗೆ ರಜೆಯಿದ್ದ ದಿನ ನಾನು ಖಾಲಾ ಪಕ್ಕದಲ್ಲೇ ಇದ್ದೆ. ಬಲ್ಬು ಹತ್ತಿತು. ಓಣಿಯ ಮಕ್ಕಳು ಒತ್ತಿ ಓಡುವುದು ರೂಢಿಯಾಗಿದ್ದರಿಂದ ಖಾಲಾ ತಲೆ ಎತ್ತಿ ಮತ್ತೆ ಬಗ್ಗಿಸಿದರು. ಆದರೆ ಈ ಸಲ ಬಲ್ಬು ಆರಲೇ ಇಲ್ಲ. ಖಾಲಾ ಕತ್ತರಿ ಇಟ್ಟು ಎದ್ದರು. ಬಾಗಿಲು ತೆರೆದಾಗಲೂ ಶಾಹೀನ್ ಗುಂಡಿಯಿಂದ ಬೆರಳು ತೆಗೆದಿರಲಿಲ್ಲ. ನಾನು ಹಿತ್ತಲಿನಿಂದ ನನ್ನ ಕೋಣೆಗೆ ಬಂದೆ.

ಸಂತೋಷದ ಕತೆಯೇ. ಆದರೆ ಆ ಚಳಿಗಾಲದಲ್ಲಿ ಖಾಲಾ ಮಷೀನು ಸಮೇತ ಭಾಲ್ಕಿಗೆ ಹೋದರು. ನನ್ನ ಸಂಜೆಗಳಿಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಒಮ್ಮೆ ಬೀಗ ಹಾಕಿದ ಬಾಗಿಲ ಮುಂದೆ ನಿಂತು ಗುಂಡಿ ಒತ್ತಿದ್ದೂ ಉಂಟು. ಒಳಗೆ ಬಲ್ಬು ಹತ್ತಿರಬಹುದು. ನೋಡುವವರಿರಲಿಲ್ಲ. ನನಗೆ ಬೀದರಿಗೆ ವರ್ಗವಾದ ಎಷ್ಟೋ ವರ್ಷಗಳ ಮೇಲೆ ಶಾಹೀನ್ ಫೋನ್ ಮಾಡಿ ಅಮ್ಮಿ ತೀರಿಹೋದರೆಂದು ಹೇಳಿದಳು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮೆಟ್ಟಿಲಾಚೆ ಎದುರಿನ ಮನೆಗೆ ಯಾರೋ ಬಾಡಿಗೆಗೆ ಬಂದು ಎರಡು ತಿಂಗಳಾಗಿದೆ. ಹೆಂಗಸೊಬ್ಬರು ಕೆಮ್ಮುವುದು ಕೇಳುತ್ತದೆ, ಮುಖ ನೋಡಿಲ್ಲ. ಸೆರಗು ಸರಿಮಾಡಿಕೊಂಡು ಹೋಗಿ ಬಾಗಿಲು ತಟ್ಟಿದೆ. ನನ್ನ ವಯಸ್ಸಿನವರೇ ತೆರೆದರು.

“ಯಾರ್ ಬೇಕಾಗಿತ್ರಿ?”

“ಯಾರೂ ಇಲ್ರಿ. ಇಲ್ಲೇ ಎದುರ ಮನಿಯಾಕಿ ನಾನು. ಮಾತಾಡ್ಸಲಾಕ ಬಂದೇನಿ.”

ಅವರು ಬಾಗಿಲು ಪೂರ್ತಿ ತೆರೆದು, ಒಳಗೆ ಕುರ್ಚಿಯ ಮೇಲೆ ಹರವಿದ್ದ ಬಟ್ಟೆ ತೆಗೆಯಲು ಹೋದರು.