ಕುಂಟೆಯ ಕುಡಕ್ಕೊಬ್ಬ ಕಾವಲುಗಾರ

ಎರಡನೆಯ ಮಹಾಯುದ್ಧದ ಲಡಾಯಿ ನಡೆದಿದ್ದ ಕಾಲ; ಪಲ್ಟಣಿಗೆ ಹುಡುಗರನ್ನು ಹಿಡಿದುಕೊಡುವ ದಲಾಲರು ಊರೂರು ತಿರುಗುತ್ತಿದ್ದರು. ಮ್ಯಾಟ್ರಿಕ್ ವರ್ಗದ ಹುಡುಗರಿಗೆ ಕಾರಕೂನಿಕೆ ಬಿಟ್ಟರೂ ಬದುಕುವ ದಾರಿಗಳಿವೆ ಎಂದು ತೋರಿಸುವ ಘನಕಾರ್ಯಕ್ಕೆ ನಮ್ಮ ಗೋಕಾಕದ ಹೈಸ್ಕೂಲು ನನ್ನನ್ನು ನೇಮಿಸಿತು. ನನ್ನ ಯೋಗ್ಯತೆ ಇಷ್ಟೇ: ಮಾಸ್ತರರಲ್ಲಿ ಸೈಕಲ್ ಇದ್ದವನು ನಾನೊಬ್ಬನೇ.

ಒಂದು ಶನಿವಾರ ಹುಡುಗರನ್ನು ಸಾಲು ಹಚ್ಚಿ ಫಾಲ್ಸಿನ ದಾರಿಯಲ್ಲಿದ್ದ ದುರಸ್ತಿ ಕಾರ್ಖಾನೆಗೆ ಕರೆದೊಯ್ದೆ. ಅಲ್ಲಿಯ ಮುದಿ ಮಿಸ್ತ್ರಿ ಗ್ಯಾಸಿನ ಉರಿ ಹಿಡಿದು ಕಬ್ಬಿಣಕ್ಕೆ ಕಬ್ಬಿಣ ಬೆಸೆದು ತೋರಿಸಿದ. ಹುಡುಗರು ಕಪ್ಪು ಗಾಜಿನ ಚಾಳೀಸು ಹಾಕಿಕೊಂಡು ಪಾಳಿಯಂತೆ ನೋಡಿದರು. ಆಮೇಲೆ ಎಲ್ಲರೂ ಕುಡಿಯುವ ನೀರು ಎಲ್ಲಿದೆ ಎಂದು ಕೇಳಿದರು. ಮೂಡಲಗಿ ಕಡೆಯ ಒಕ್ಕಲಿಗರ ಹುಡುಗನೊಬ್ಬ ಮಾತ್ರ ಬೇರೆ ಕೇಳಿದ.

“ಮಿಸ್ತ್ರಿ ಕಾಕಾ, ಮುರದ ಅಂಚು ಎರಡೂ ಕರಗೇ ಹೋಗತಾವಲ್ರಿ?”

“ಕರಗದ ಕೂಡೂದಿಲ್ಲಪಾ. ಮನಷಾರೂ ಅಷ್ಟ,” ಎಂದ ಮಿಸ್ತ್ರಿ, ನನ್ನ ಕಡೆ ತಿರುಗಿ, “ಪರೀಕ್ಷಾ ಮುಗದ ಮ್ಯಾಲ ಇವನ್ನ ಆರು ತಿಂಗಳ ನನ್ನ ಕೈಯಾಗ ಕೊಡ್ರಿ,” ಎಂದ.

ಹುಡುಗ ನಿಂತಲ್ಲೇ ಒಪ್ಪಿದ. ಒಪ್ಪಬೇಕಾದವರು ಅವನಪ್ಪ.

ಅಪ್ಪ ಒಕ್ಕಲುತನದಷ್ಟೇ ನಿಷ್ಠೆಯಿಂದ ಸಂಶಯವನ್ನೂ ನಡೆಸಿಕೊಂಡು ಬಂದವರು. ಗಾಣಕ್ಕೆ ಕುಸುಬಿ ಕೊಟ್ಟರೆ ಎಣ್ಣೆ ಇಳಿಯುವವರೆಗೆ ಮಗನನ್ನು ಎದುರಿಗೆ ಕಾವಲು ಕೂಡ್ರಿಸುತ್ತಿದ್ದರು. ಪರೀಕ್ಷೆ ಮುಗಿದ ವಾರ ನಾನು ಅವರ ಮನೆಗೆ ಹೋದೆ. ಮಜ್ಜಿಗೆ ಕೊಟ್ಟು, ನನ್ನ ಕೈಚೀಲವನ್ನೇ ನೋಡುತ್ತ ಕೇಳಿದರು:

“ಮಾಸ್ತರ್ರ, ಒಂದ ಹುಡುಗನ್ನ ಲಡಾಯಿಗೆ ಹಚ್ಚಿದ್ರ ನಿಮಗೇನ ಸಿಗತೈತ್ರಿ?”

“ಲಡಾಯಿ ಅಲ್ರಿ. ಕಬ್ಬಿಣ ಕೂಡಸೂ ವಿದ್ಯಾ.”

“ಒಡದ ಮನೀನ ಕೂಡೂದಿಲ್ಲ, ಕಬ್ಬಿಣ ಕೂಡತೈತೇನ್ರಿ? ಹಳೇದು ಒಳಗ ಒಯ್ದು ಬ್ಯಾರೇದು ತಂದು ಕೊಡತಿರಬೇಕ.”

ಕೊನೆಗೆ ಒಂದು ಪರೀಕ್ಷೆ ನಿಶ್ಚಯವಾಯಿತು. ಹೊಲ ಹರಗುವಾಗ ಎರಡು ತುಂಡಾಗಿದ್ದ ಕುಂಟೆಯ ಕುಡವನ್ನು, ಅಂದರೆ ಅದರ ಕಬ್ಬಿಣದ ಅಲಗನ್ನು, ಮಿಸ್ತ್ರಿ ಕೂಡಿಸಬೇಕು. ಅದಲುಬದಲಾಗದಂತೆ ಅಪ್ಪ ಗುಪ್ತ ಗುರುತು ಹಾಕಿರುತ್ತಾರೆ. ಗುರುತು ಸಿಕ್ಕರೆ ಮಗ ಮಿಸ್ತ್ರಿಯ ಕೈಗೆ. ಇಲ್ಲವಾದರೆ ಹುಕ್ಕೇರಿಯ ಕಚೇರಿಯಲ್ಲಿದ್ದ ಸೋದರಮಾವನ ಕೈಕೆಳಗೆ ಕಾರಕೂನ.

ಸಂತೆಯ ದಿನ ನಾನೂ ಕಾರ್ಖಾನೆಯಲ್ಲಿದ್ದೆ. ಕುಡ ತಂದು ಮಿಸ್ತ್ರಿಗೆ ಒಪ್ಪಿಸಿ, ಮಗನನ್ನೂ ಕರೆದುಕೊಂಡು ಅಪ್ಪ ಪೇಟೆಗೆ ಹೋದರು. ಕಳ್ಳತನಕ್ಕೆ ಅವಕಾಶ ಕೊಟ್ಟೇ ಕಳ್ಳನನ್ನು ಹಿಡಿಯಬೇಕೆಂಬುದು ಅವರ ಸಿದ್ಧಾಂತ. ಮರಳಿ ಬಂದಾಗ ಕುಡ ಒಂದಾಗಿ ಬಿದ್ದಿತ್ತು. ತಿರುವಿ ತಿರುವಿ ನೋಡಿದರು.

“ನನ್ನ ಗುರುತ ಎಲ್ಲೈತಿ?”

“ಎಲ್ಲಿ ಹಾಕಿದ್ರಿ ಯಜಮಾನ್ರ?”

“ಮುರದ ಬಾಯಾಗ. ಉಳೀಲೆ ಮೂರ ಗೆರಿ ಹೊಡದಿದ್ನಿ.”

ಮಿಸ್ತ್ರಿ ನಕ್ಕ. “ಅದ ನೋಡ್ರಿ ಕರಗಿದ್ದು.”

“ಸಿಕ್ಕ ಕಳ್ಳರೆಲ್ಲಾ ಹಿಂಗ ಅಂತಾರ.”

ಸಂಜೆಯೊಳಗೆ ನಾನು ಮಂದಿ ಮಾರುವ ದಲಾಲನೆಂಬ ಸುದ್ದಿ ಮೂಡಲಗಿ ಮುಟ್ಟುವುದು ಖಚಿತವಿತ್ತು. ಹುಡುಗ ಮಾತ್ರ ನೆಲ ನೋಡುತ್ತ ನಿಂತಿದ್ದ.

“ನನ್ನ ಮುಂದ ಇನ್ನೊಮ್ಮೆ ಮುರೀರಿ,” ಎಂದರು ಅಪ್ಪ.

ಮಿಸ್ತ್ರಿ ಸುತ್ತಿಗೆಯಿಂದ ಹೊಡೆದ. ಕುಡ ಮುರಿಯಿತು, ಆದರೆ ಬೆಸುಗೆಯಲ್ಲಿ ಅಲ್ಲ, ಅಲ್ಲಿಂದ ನಾಲ್ಕು ಬೆರಳು ಆಚೆ. ಅಪ್ಪ ಬೆಸುಗೆಯ ಮೇಲೆ ಉಗುರಾಡಿಸಿದರು, ಮೂಸಿಯೂ ನೋಡಿದರು. ಇದರಿಂದ ಅವರ ಸಂಶಯ ಇನ್ನಷ್ಟು ಗಟ್ಟಿಯಾಯಿತು.

“ಬಾಳ ಹುಷಾರ ಮಂದಿ ನೀವು. ಈ ಸಲ ಕೂಡಸೂ ಮುಂದ ನಮ್ಮ ಹುಡುಗ ಬಾಜೂಕ ಕುಂದರತಾನ. ನಿಮ್ಮ ಆಟ ಏನೈತಿ, ಪೂರಾ ತಿಳಕೊಂಡ ಬರಲಿ.”

“ಪೂರಾ ತಿಳ್ಯಾಕ ಆರು ತಿಂಗಳ ಹಿಡೀತೈತ್ರಿ,” ಎಂದ ಮಿಸ್ತ್ರಿ, ನಗದೆ.

“ವರ್ಷ ಹಿಡೀಲಿ. ನಾ ಬಿಡಾಂವ ಅಲ್ಲ.”

ಕಾವಲುಗಾರನನ್ನು ಅಲ್ಲೇ ಬಿಟ್ಟು ಅಪ್ಪ ಊರಿನ ದಾರಿ ಹಿಡಿದರು. ಅವರು ಮರೆಯಾದ ಮೇಲೆ ನಾನು ಹುಡುಗನನ್ನು ಕೇಳಿದೆ, “ಅಷ್ಟ ಜಾಗಾ ಇತ್ತು, ನಿಮ್ಮಪ್ಪಾರು ಮುರದ ಬಾಯಾಗ ಯಾಕ ಹಾಕಿದ್ರೋ ಗುರುತ?”

“ನಾನ ಹೇಳಿದ್ನಿರಿ, ಅಲ್ಲಿ ಯಾರಿಗೂ ಕಾಣೂದಿಲ್ಲಂತ.” ಚಾಳೀಸು ಒರೆಸುತ್ತ ಮುಂದುವರಿಸಿದ, “ಗುರುತ ಸಿಕ್ಕಿದ್ರ ನಮ್ಮಪ್ಪ ಮತ್ತೊಂದು ಪರೀಕ್ಷಾ ಇಡತಿದ್ದರಿ. ಸಿಗಲಿಲ್ಲಂದ್ರ ಗಾಣಕ್ಕ ಕುಂದರಸಿದಂಗ ಇಲ್ಲೂ ನನ್ನ ಕಾವಲ ಇಡತಾನಂತ ಗೊತ್ತಿತ್ರಿ.”

ಮರುವಾರ ಅವನ ನಡತೆಯ ಪತ್ರ ನನ್ನ ಮುಂದೆ ಬಂತು. ‘ಪ್ರಾಮಾಣಿಕ’ ಎಂದು ಬರೆಯಲು ಟಾಕನ್ನು ಮಸಿಯಲ್ಲಿ ಅದ್ದಿದೆ, ಒರೆಸಿ ಮತ್ತೆ ಅದ್ದಿದೆ. ಕೊನೆಗೆ ‘ಚುರುಕು ಹುಡುಗ’ ಎಂದಷ್ಟೇ ಬರೆದು ಸಹಿ ಹಾಕಿದೆ.