ಬಾಗಿಲ ಹೊರಗಿನ ಚಪ್ಪಲಿ

ನಿನ್ನ ಗುಟ್ಟು ಬಯಲು ಮಾಡಿದವಳು ಶಾರದ ಅಲ್ಲ, ರತ್ನಾ. ನಾನು.

ಆರು ವರ್ಷ ಈ ಮಾತನ್ನು ನುಂಗಿಕೊಂಡು ನಿನ್ನೆದುರು ನಕ್ಕಿದ್ದೇನೆ – ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಹೊಸದುರ್ಗದ ನಮ್ಮ ಆಪ್ತಸಲಹಾ ಕೇಂದ್ರವೆಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಕುರ್ಚಿ. ಶಾಲೆಯಿಂದ ನಿವೃತ್ತಳಾದ ಮೇಲೆ ಗುರುವಾರ ಗುರುವಾರ ಅಲ್ಲಿ ಕೂರುತ್ತಿದ್ದೆ. ‘ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ’ – ಗೋಡೆಯ ಮೇಲಿನ ಆ ಬರಹ ನನ್ನದೇ. ಬಂದವರ ಹೆಸರನ್ನೂ ಬರೆದುಕೊಳ್ಳುತ್ತಿರಲಿಲ್ಲ. ಚಪ್ಪಲಿ ಮಾತ್ರ ಹೊರಗೆ ಬಿಡಬೇಕು, ಮೆಟ್ಟಿಲ ಮೇಲೆ, ಊರಿಗೆಲ್ಲ ಕಾಣುವಂತೆ! ಎಂಥ ಬುದ್ಧಿವಂತರು ನಾವು.

ಕೆಳಗಿನ ಅಂಗಡಿಗೆ ಜೆರಾಕ್ಸ್ ಮಾಡಿಸಲು ಬಂದ ನಿನ್ನ ಅಣ್ಣ ತಿಪ್ಪೇಶ, ನೀಲಿ ದಾರದಲ್ಲಿ ಹೊಲಿದ ನಿನ್ನ ಚಪ್ಪಲಿಯ ಗುರುತು ಹಿಡಿದ. ಮರುದಿನ ನನ್ನ ಮನೆಗೇ ಬಂದ. ನನ್ನ ಹಳೆಯ ವಿದ್ಯಾರ್ಥಿ. ಕಾಲಿಗೆ ನಮಸ್ಕರಿಸಿ ಕೂತ.

“ಟೀಚರ್, ನಮ್ ರತ್ನನ ಚಪ್ಲಿ ನಿಮ್ ಬಾಗ್ಲಾಗೆ ಇದ್ವು. ಏನೈತ್ರಿ ವಿಷ್ಯ? ಒಡಹುಟ್ಟಿದೋನು ನಾನು, ನಂಗೆ ಹೇಳ್ರಿ.”

ಗಂಡನ ಹೊಡೆತ ತಾಳಲಾರದೆ ನೀನು ಮನೆ ಬಿಡಲು ನಿರ್ಧರಿಸಿದ್ದೆ. ಹಿರಿಯೂರಿನ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಸೋಮವಾರ ಮಗಳೊಡನೆ ಹೊರಡುವವಳಿದ್ದೆ. ಬಟ್ಟೆಯ ಗಂಟು ಪಕ್ಕದ ಮನೆಯ ಶಾರದಳ ಹತ್ತಿರವಿತ್ತು. ಅವಳಿಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ‘ನನಗೇನೂ ಗೊತ್ತಿಲ್ಲಪ್ಪ’ ಅಂದಿದ್ದರೆ ಸಾಕಿತ್ತು. ನಾನು ಅಂದದ್ದು –

“ಸೋಮವಾರ ಅವಳು ಮನೆ ಬಿಟ್ಟು ಹೋಗ್ತಾಳೆ ತಿಪ್ಪೇಶ. ಅಷ್ಟರೊಳಗೆ ದೊಡ್ಡೋರು ಕುಂತು ಮಾತಾಡ್ರಿ.”

ದೊಡ್ಡವರು! ಹೆಣ್ಣು ಏಟು ತಿನ್ನುವಾಗ ಒಬ್ಬನೂ ಎದ್ದು ಬರುವುದಿಲ್ಲ. ಅವಳು ಹೊಸಿಲು ದಾಟುತ್ತಾಳೆ ಅಂದರೆ ನಾಲ್ಕು ಜನ ಜಗಲಿಯ ಮೇಲೆ ಸಿದ್ಧ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ – ಹಿರಿಯರ ಕಿವಿಗೆ ಬೀಳದೆ ಹೆಣ್ಣೊಬ್ಬಳು ತೀರ್ಮಾನ ಮಾಡುವುದು ನನಗೂ ಸರಿಬರಲಿಲ್ಲ. ಶ್ರೀರಾಂಪುರದ ನಿನ್ನ ಮನೆಯಲ್ಲಿ ಭಾನುವಾರ ಪಂಚಾಯ್ತಿ ಕೂತಿತು. ವಿಭೂತಿ ಮುಟ್ಟಿಸಿ, ಮನೆ ಬಿಡುವುದಿಲ್ಲವೆಂದು ನಿನ್ನಿಂದ ಆಣೆ ಹಾಕಿಸಿದರು. ನಿನ್ನ ಗಂಡನಿಂದ, ಕೈ ಎತ್ತುವುದಿಲ್ಲವೆಂದು, ಹಾಕಿಸಲಿಲ್ಲ. ಹಿರಿಯೂರಿನ ಕೆಲಸ ಬೇರೆ ಯಾರಿಗೋ ಹೋಯಿತು.

ತಿಪ್ಪೇಶ ನನಗೊಂದು ಶಾಲು ತಂದ. “ಒಡೆಯೋ ಮನೆ ಉಳಿಸಿದ್ರಿ ಟೀಚರ್. ನಿಮ್ ಹೆಸರು ಎಲ್ಲೂ ಎತ್ತಿಲ್ಲ.” ನಾನು ಆ ಶಾಲನ್ನು ತೆಗೆದುಕೊಂಡೆ, ರತ್ನಾ. ಹೊದ್ದುಕೊಂಡೆ ಕೂಡ.

ಇದಕ್ಕಿಂತ ದೊಡ್ಡ ಪಾಪ ಮುಂದಿನ ಗುರುವಾರದ್ದು. ಹುಬ್ಬಿನ ಮೇಲೆ ಗಾಯ ಹೊತ್ತು ನೀನು ಬಂದೆ. “ಶಾರದನೇ ಹೇಳವ್ಳೆ ಟೀಚರ್. ಇನ್ಯಾರಿಗೆ ಗೊತ್ತಿತ್ತು?” ಅಂದೆ. ನಾನು ನಿನ್ನ ತಲೆ ಸವರಿದೆ. “ಯಾರನ್ನೂ ನಂಬಬಾರದಮ್ಮ” ಅಂದೆ. ಈ ಬಾಯಿಂದಲೇ ಅಂದೆ! ನಿನಗಿದ್ದ ಒಬ್ಬಳೇ ಗೆಳತಿಯನ್ನೂ ಕಿತ್ತುಕೊಂಡೆ. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಇವತ್ತಿಗೂ ನಿಮಗೆ ಮಾತಿಲ್ಲ.

ಹೋದ ವಾರ ನೀನು ಮಗಳನ್ನು ಕರೆತಂದೆ. ಪಿಯುಸಿ ಓದುವ ಹುಡುಗಿ, ಏನೋ ಹೇಳಲಾರದೆ ಉಗುರು ಕಚ್ಚುತ್ತಿದ್ದಳು. “ಇವ್ರ ಹತ್ರ ಏನು ಬೇಕಾದ್ರೂ ಹೇಳು. ಬಾಯಿ ಬಿಡೋರಲ್ಲ ಇವ್ರು,” ಅಂದೆ ನೀನು. ತಲೆನೋವೆಂದು ಸುಳ್ಳು ಹೇಳಿ ಅವಳನ್ನು ಕೇಂದ್ರದ ಇನ್ನೊಬ್ಬ ಸಲಹೆಗಾರರ ಮುಂದೆ ಕೂರಿಸಿ ಹೊರಬಂದೆ. ಮೆಟ್ಟಿಲ ಮೇಲೆ ತಾಯಿ ಮಗಳ ಚಪ್ಪಲಿ ಒಟ್ಟಿಗೇ ಇದ್ದವು. ಎತ್ತಿ ಒಳಗಿಟ್ಟೆ – ಆರು ವರ್ಷ ತಡವಾಗಿ.

ಇನ್ನು ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ. ಯಾಕೆಂದು ಕೇಂದ್ರದವರಿಗೆ ನಿನ್ನ ಹೆಸರೆತ್ತದೆ ಹೇಳಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಮನೆಯಲ್ಲಿ ಅದನ್ನು ಮೊದಲು ಒಡೆದು ಓದುವವರು ಯಾರೆಂದು ಗೊತ್ತು. ಗುರುವಾರ ಮಗಳೊಡನೆ ನೀನು ಕೇಂದ್ರಕ್ಕೆ ಬಂದಾಗ ನಾನೂ ಬಂದು ನಿನಗೊಬ್ಬಳಿಗೇ ಓದಿ ಹೇಳುತ್ತೇನೆ. ಶಾರದಳ ಮುಂದೆಯೂ ತಪ್ಪೊಪ್ಪಿಕೊಳ್ಳಬೇಕು, ಆದರೆ ನೀನು ಒಪ್ಪಿದ ಮೇಲೆ. ಆ ಗುಟ್ಟು ನಿನ್ನದು. ನಿನ್ನನ್ನು ಕೇಳದೆ ಇನ್ನೊಬ್ಬರಿಗೆ ಹೇಳುವುದಿಲ್ಲ.