ಬೆಲ್ಲದ ಡಬ್ಬಿಯ ಮೇಲಿನ ಹಾಡು

ನಮ್ಮ ಅಡಿಗೆಮನೆಯ ಬೆಲ್ಲದ ಡಬ್ಬಿಗೆ ಹಾಡುವ ಮುಚ್ಚಳವಿತ್ತು ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಡಬ್ಬಿಯ ಸ್ವಂತ ಮುಚ್ಚಳ ಯಾವಾಗಲೋ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಕಳೆದುಹೋಗಿತ್ತು, ಅದೇ ಸಮಯಕ್ಕೆ ಗ್ರಾಮಫೋನೂ ಕೆಟ್ಟು ಮೂಲೆ ಸೇರಿತ್ತು. ಮುಚ್ಚಳವಿಲ್ಲದ ಡಬ್ಬಿಯೊಂದು, ಪೆಟ್ಟಿಗೆಯಿಲ್ಲದ ರೆಕಾರ್ಡೊಂದು, ಎರಡಕ್ಕೂ ನಾನೇ ಹಿರಿಯಳಾಗಿ ನಿಂತು ಸಂಬಂಧ ಕುದುರಿಸಿದೆ. ಅಳತೆ ಹೇಳಿ ಮಾಡಿಸಿದ ಹಾಗೆ ಕೂಡಿಬಂತು. ತೊಂದರೆ ಒಂದೇ, ರೆಕಾರ್ಡಿನ ನಟ್ಟನಡುವೆ ಇರುವ ತೂತು ಮುಂಬಯಿಯ ಇರುವೆಗಳಿಗೆ ರಾಜಮಾರ್ಗವಾಯಿತು. ಅದಕ್ಕೆ ಹಳೆಯ ಸೀರೆಯ ಚಿಂದಿಯೊಂದನ್ನು ಹೊಸೆದು ತುರುಕಿದೆ. ಇಪ್ಪತ್ತು ವರ್ಷ ನನ್ನ ಹಾಡಿನ ಬಾಯಿಗೆ ನಾನೇ ಬಟ್ಟೆ ತುರುಕಿಟ್ಟು ಕಾಫಿಗೆ ಬೆಲ್ಲ ತೆಗೆದುಕೊಂಡೆ.

ನನ್ನ ಹಾಡು ಎಂದೆ. ಅದು ಪೂರ್ತಿ ನಿಜವಲ್ಲ. ಆ ಕಪ್ಪು ತಟ್ಟೆಯ ನಡುವಿನ ಕೆಂಪು ಕಾಗದದಲ್ಲಿ ‘ಶಾಂತಾ, ವಾರಿಜಾ ಮತ್ತು ಸಂಗಡಿಗರು’ ಎಂದು ಅಚ್ಚಾಗಿದೆ. ಶಾಂತಾ ನಾನು, ಆಗ ಹದಿನೇಳರವಳು, ರೈಲ್ವೆ ಆಫೀಸಿನ ಮೈಸೂರು ಗುಮಾಸ್ತರ ಮಗಳು. ವಾರಿಜಾ ನನ್ನ ಸ್ಕೂಲಿನ ಗೆಳತಿ. ಇನ್ನು ಸಂಗಡಿಗರು ಎಂದರೆ ನೀವು ಒಂದು ಹಿಂಡು ಜನರನ್ನು ಊಹಿಸಿಕೊಳ್ಳುತ್ತೀರಿ, ಅಲ್ಲವೇ? ಸಂಗಡಿಗರು ಎಂದರೆ ಪದ್ಮಕ್ಕ, ಒಬ್ಬಳೇ. ನಮ್ಮ ಮೂವರಲ್ಲಿ ನಿಜವಾದ ಕಂಠ ಇದ್ದದ್ದು ಅವಳಿಗೆ ಮಾತ್ರ.

ಐವತ್ತರ ದಶಕದ ದಾದರಿನ ನಮ್ಮ ಚಾಳಿನಲ್ಲಿ ಬೆಳಗಾಗುತ್ತಿದ್ದದ್ದು ಕೋಳಿ ಕೂಗಿನಿಂದಲ್ಲ, ಎಲ್ಲರಿಗೂ ಸೇರಿದ ಒಂದೇ ನಲ್ಲಿ ಕೆಮ್ಮುವ ಸದ್ದಿನಿಂದ. ಮೊದಲು ಗಾಳಿ, ಆಮೇಲೆ ಗೊರಗೊರ, ಆಮೇಲೆ ಬೆರಳಿನಷ್ಟು ದಪ್ಪದ ನೀರು. ಕೊಡ ಹಿಡಿದು ಸಾಲುಗಟ್ಟಿ ನಿಂತ ಹೆಂಗಸರಲ್ಲಿ ಕೆಳಗಿನ ಮಾಳಿಗೆಯ ಪದ್ಮಕ್ಕನೂ ಒಬ್ಬಳು. ಉಡುಪಿ ಕಡೆಯವಳು, ಮದುವೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಅವಳ ಮಾವನಿಗೆ ಪರೇಲಿನಲ್ಲಿ ಹೋಟೆಲು, ಗಂಡ ಅಲ್ಲೇ ಗಲ್ಲಾದಲ್ಲಿ ಕೂರುತ್ತಿದ್ದ. ಸಾಲಿನಲ್ಲಿ ನಿಂತಾಗ ಅವಳು ತನಗೆ ತಾನೇ ಎಂಬಂತೆ ಗುನುಗುತ್ತಿದ್ದಳು. ಆಗ ಜಗಳಗಂಟಿ ಮರಾಠಿ ಅಜ್ಜಿಯೂ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ನಮಗೆ ಹಾಡು ಕಲಿಸುತ್ತಿದ್ದ ಮಾಸ್ತರರು, ಎದುರು ಬಿಲ್ಡಿಂಗಿನಲ್ಲಿ ಹಾರ್ಮೋನಿಯಂ ಇಟ್ಟುಕೊಂಡಿದ್ದ ಬಡ ಬ್ರಹ್ಮಚಾರಿ, ಈ ನಲ್ಲಿಯ ಸಾಲನ್ನೇ ನೋಡಿ ಒಂದು ಹಾಡು ಕಟ್ಟಿದರು. ‘ನೀರು ಬಂತೇ ಅಕ್ಕ, ನೀರು ಬಂತೇ’ ಎಂದು ಶುರು; ಮೂರು ನುಡಿ; ಕೊನೆಯ ನುಡಿಯಲ್ಲಿ ನೀರು ಬರುತ್ತದೆ. ಅಷ್ಟೇ. ಮೂವರು ಹುಡುಗಿಯರು ಸೇರಿ ಹಾಡಿದರೆ ಚೆನ್ನ ಎಂದು ಅವರಿಗೆ ಯಾಕೆ ಹೊಳೆಯಿತೋ, ಫೋರ್ಟ್ ಭಾಗದ ಒಂದು ರೆಕಾರ್ಡು ಕಂಪನಿಯವರು ಅದನ್ನು ಕೇಳಿ ಯಾಕೆ ಒಪ್ಪಿದರೋ, ನನಗೆ ಇವತ್ತಿಗೂ ಸೋಜಿಗ. ಜಗತ್ತಿನಲ್ಲಿ ದೊಡ್ಡ ಕೆಲಸಗಳಿಗೆ ಕಾರಣ ಹುಡುಕುವುದು ಸುಲಭ, ಸಣ್ಣ ಕೆಲಸಗಳು ಹೇಗಾದವು ಎನ್ನುವುದೇ ತಿಳಿಯುವುದಿಲ್ಲ.

ನನ್ನಪ್ಪ ಗೊಣಗಿ ಒಪ್ಪಿದರು, ವಾರಿಜಾಳ ಅಪ್ಪ ಗೊಣಗದೆ ಒಪ್ಪಿದರು. ಉಳಿದದ್ದು ಪದ್ಮಕ್ಕನ ಮಾವ. ಮಾಸ್ತರರು ನಮ್ಮಿಬ್ಬರನ್ನೂ ಕಟ್ಟಿಕೊಂಡು ಪರೇಲಿನ ಹೋಟೆಲಿಗೆ ಹೋದರು. ಮಾವನವರು ನಮಗೆ ಇಡ್ಲಿ ಕೊಡಿಸಿ, ತಿಂದು ಮುಗಿಯುವ ತನಕ ಕಾದು, ಕೊನೆಗೆ ಹೆಗಲ ವಸ್ತ್ರ ಸರಿಮಾಡಿಕೊಂಡು ಹೇಳಿದರು: “ಹಾಡ್ಲಿ. ಬೇಡ ಹೇಳುದಿಲ್ಲ ನಾನು. ದೇವರು ಕೊಟ್ಟ ಸ್ವರ. ಆದ್ರೆ ಹೆಸರು ಮಾತ್ರ ಹಾಕ್ಲಿಕ್ಕಿಲ್ಲ ಮಾಸ್ಟ್ರೇ. ಅಂಗಡಿಯಲ್ಲಿ ಮಾರುವ ತಟ್ಟೆಯ ಮೇಲೆ ನಮ್ಮನೆ ಸೊಸೆಯ ಹೆಸರು ಬೇಡ.”

ಕೆಟ್ಟ ಮನುಷ್ಯರಲ್ಲ ಅವರು. ಆಗ ಹಾಗೇ ಇತ್ತು. ಸುದ್ದಿ ತಂದ ನಮ್ಮ ಮುಖ ನೋಡಿ ಪದ್ಮಕ್ಕ ಕೊಡವನ್ನು ಸೊಂಟಕ್ಕೇರಿಸಿಕೊಂಡು ನಕ್ಕಳು. “ಎಂತ ಮಾರಾಯ್ತಿ, ಮೋರೆ ಸಣ್ಣ ಮಾಡ್ಕೊಂಡದ್ದು? ಸಂಗಡಿಗರು ಅಂತ ಹಾಕ್ತಾರಂತಲ್ಲ. ನೀವಿಬ್ರೂ ಒಬ್ಬೊಬ್ರು. ನಾನೊಬ್ಬಳೇ ತುಂಬಾ ಜನ!” ನಾವೂ ನಕ್ಕೆವು. ಆದರೆ ನಕ್ಕು ಮುಗಿದ ಮೇಲೆ ಅವಳು ಕೊಡದ ನೀರಿನಲ್ಲಿ ಬೆರಳಾಡಿಸುತ್ತ, “ಊರಲ್ಲಿ ಅಮ್ಮ ಕೇಳಿದ್ರೆ ಇದು ನನ್ನ ಸ್ವರ ಅಂತ ಗೊತ್ತಾಗ್ಬಹುದಾ?” ಎಂದು ಕೇಳಿದಳು. ಮೂವರೂ ಒಟ್ಟಿಗೆ ಹಾಡುವ ಹಾಡು ಅದು.

ರೆಕಾರ್ಡಿಂಗಿನ ದಿನ ನಮಗೆ ಮೊದಲು ಕಂಡ ಅಚ್ಚರಿ ಮೌನ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನನಗೆ ಮೌನ ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ ನೋಡಿ. ಆ ಕೋಣೆಯಲ್ಲಿ ಗೋಡೆಗೆಲ್ಲ ಕಂಬಳಿ ಹೊದಿಸಿ, ಸದ್ದಾಗುತ್ತದೆಂದು ಫ್ಯಾನನ್ನೂ ಆರಿಸಿ, ಟ್ರ್ಯಾಮು ಟ್ಯಾಕ್ಸಿಗಳನ್ನೆಲ್ಲ ಹೊರಗೇ ನಿಲ್ಲಿಸಿಬಿಟ್ಟಿದ್ದರು. ಮೈಕು ಒಂದೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಗುರುತು: ಕೀರಲು ದನಿಯ ವಾರಿಜಾ ಎರಡು ಹೆಜ್ಜೆ ಹಿಂದೆ, ಸಣ್ಣ ದನಿಯ ನಾನು ತೀರ ಮುಂದೆ, ಪದ್ಮಕ್ಕ ನಡುವೆ. ಮೂರು ನಿಮಿಷದೊಳಗೆ ಹಾಡು ಮುಗಿಯಬೇಕು, ತಪ್ಪಿದರೆ ಮೊದಲಿನಿಂದ. ಮೂರು ಸಲ ಮಾತ್ರ ಅವಕಾಶ, ಆಮೇಲೆ ಬೇರೆಯವರ ಸರದಿ.

ಮೊದಲ ಸಲ ವಾರಿಜಾ ಕೆಮ್ಮಿದಳು. ಎರಡನೆಯ ಸಲ ಎಲ್ಲ ಸರಿಹೋಯಿತು ಎಂದುಕೊಳ್ಳುವಾಗ ಗಾಜಿನ ಆಚೆ ಕುಳಿತಿದ್ದ ಗೋವೆಯ ರೆಕಾರ್ಡಿಸ್ಟು ಹೊರಗೆ ಬಂದು, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಪದ್ಮಕ್ಕನ ಕೈ ತೋರಿಸಿ, “ಬಾಯಿ, ಚೂಡಿಯಾಂ ನಿಕಾಲೋ” ಎಂದ. ನಮ್ಮಿಬ್ಬರ ಬಳೆಗಳನ್ನೂ ಆಗಲೇ ತೆಗೆಸಿ ಮೇಜಿನ ಮೇಲಿಟ್ಟಾಗಿತ್ತು. ಆದರೆ ಪದ್ಮಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಗಂಡನಿರುವ ಹೆಣ್ಣು ಹಸಿರು ಗಾಜಿನ ಬಳೆ ಕಳಚಿ ಬರಿಗೈಯಲ್ಲಿ ನಿಲ್ಲುವುದೆಂದರೆ ಏನೆಂದು ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು? ನಮ್ಮ ಚಾಳಿನ ಮರಾಠಿ ಹೆಂಗಸರು ಬಳೆ ಒಡೆಯಿತು ಎಂದು ಬಾಯಲ್ಲಿ ಹೇಳಲೂ ಅಂಜಿ ಬಳೆ ಬೆಳೆಯಿತು ಎನ್ನುತ್ತಿದ್ದರು. “ಹಾಡದಿದ್ರೂ ಅಡ್ಡಿಲ್ಲ ಮಾಸ್ಟ್ರೇ, ಬಳೆ ತೆಗೀಲಿಕ್ಕೆ ಆಗುದಿಲ್ಲ,” ಎಂದಳು ಪದ್ಮಕ್ಕ. ಅವಳ ಕಣ್ಣು ತುಂಬಿತ್ತು. ರೆಕಾರ್ಡಿಸ್ಟು ಗಡಿಯಾರ ನೋಡುತ್ತಿದ್ದ.

ಮಾಸ್ತರರು ಏನೋ ಹೊಳೆದವರಂತೆ ಹಾರ್ಮೋನಿಯಂ ಮುಚ್ಚುವ ಬಟ್ಟೆಯನ್ನು ಪರ್ರೆಂದು ಹರಿದು ಎರಡು ಪಟ್ಟಿ ಮಾಡಿ ನನ್ನ ಕೈಗಿಟ್ಟರು. ಪದ್ಮಕ್ಕನ ಬಳೆಗಳನ್ನು ಒತ್ತಾಗಿ ಮೇಲೇರಿಸಿ, ಬಟ್ಟೆ ಸುತ್ತಿ, ಎರಡೂ ಕೈಗೆ ನಾನೇ ಗಂಟು ಹಾಕಿದೆ. ಒಂದಲ್ಲ, ಎರಡೆರಡು ಗಂಟು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯ ಸಲ ಕೆಂಪು ದೀಪ ಹತ್ತಿತು. ಮಾಸ್ತರರ ಬೆರಳುಗಳನ್ನೇ ನೋಡುತ್ತ ಹಾಡಿದೆವು. ಮೊದಲ ನುಡಿ ದಾಟಿತು, ಎರಡನೆಯದೂ ದಾಟಿತು. ಮೂರನೆಯದರಲ್ಲಿ ‘ನೀರು ಬಂತು’ ಎನ್ನುವ ಕಡೆ ನನ್ನ ಹಿಂದಿನಿಂದ ಕಿಣಿ ಎಂದು ಕೇಳಿತು. ಮತ್ತೆ ಕಿಣಿ. ತಾಳಕ್ಕೆ ಸರಿಯಾಗಿ, ಹಾಡು ಮುಗಿಯುವವರೆಗೂ ಕಿಣಿಕಿಣಿ. ದೀಪ ಆರಿದ ಮೇಲೆ ತಿರುಗಿ ನೋಡಿದರೆ ಬಲಗೈಯ ಪಟ್ಟಿ ಪದ್ಮಕ್ಕನ ಕಾಲ ಬಳಿ ಬಿದ್ದಿತ್ತು. ರೆಕಾರ್ಡಿಸ್ಟು ಹಣೆ ಚಚ್ಚಿಕೊಂಡ. ಇನ್ನೊಮ್ಮೆಗೆ ಹೊತ್ತಿಲ್ಲ, ಇದನ್ನೇ ಅಚ್ಚು ಹಾಕುವುದು ಎಂದ. ಹೊರಗೆ ತಬಲಾದವರ ಗುಂಪೊಂದು ಕಾಯುತ್ತಿತ್ತು. “ಎಂಥಾ ಗಂಟು ಹಾಕಿದೆಯೇ ಶಾಂತಾ,” ಎಂದರು ಮಾಸ್ತರರು, ತೀರ ಮೆಲ್ಲಗೆ. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ನಮ್ಮನೆಯಲ್ಲಿ ಯಾವ ಕೆಲಸ ಸಡಿಲವಾದರೂ ಶಾಂತಾಳ ಗಂಟು ಎನ್ನುವುದು ಗಾದೆಯಾಗಿಬಿಟ್ಟಿತು. ನನ್ನ ಮದುವೆಯ ದಿನವೂ ನನ್ನ ತಮ್ಮ ನನ್ನ ಗಂಡನನ್ನು ಆ ಮಾತಿನಿಂದಲೇ ಎಚ್ಚರಿಸಿದ.

ಈಗ ನೀವು ನಂಬದ ಭಾಗಕ್ಕೆ ಬರುತ್ತೇನೆ. ದಾದರ್ ಸ್ಟೇಷನ್ನಿನ ಹತ್ತಿರ ಒಬ್ಬ ಗುಜರಾತಿಯ ರೆಕಾರ್ಡಿನ ಅಂಗಡಿಯಿತ್ತು. ಪ್ರತಿ ಶನಿವಾರ ಆತ ಹೊರಗಿನ ಕರಿಹಲಗೆಯ ಮೇಲೆ ಆ ವಾರ ಹೆಚ್ಚು ಮಾರಾಟವಾದ ಹತ್ತು ಹಾಡುಗಳನ್ನು ಸೀಮೆಸುಣ್ಣದಲ್ಲಿ ಸಾಲಾಗಿ ಬರೆಯುತ್ತಿದ್ದ. ಎಲ್ಲವೂ ಹಿಂದಿ ಸಿನಿಮಾದವು, ನಡುವೆ ಒಂದೋ ಎರಡೋ ಮರಾಠಿ. ಒಂದು ಶನಿವಾರ ಹತ್ತನೆಯ ಸಾಲಿನಲ್ಲಿ ‘ಕಾನಡಿ ಬಾಂಗಡಿ’ ಎಂದಿತ್ತು. ಕನ್ನಡದ ಬಳೆ! ಹಾಡಿನ ಹೆಸರು ಅವನ ನಾಲಿಗೆಗೆ ಹೊರಳದೆ, ಗಿರಾಕಿಗಳು ಕೇಳುತ್ತಿದ್ದ ಹಾಗೆಯೇ ಬರೆದಿದ್ದ. “ತೀ ಬಾಂಗಡೀಚೀ ರೆಕಾರ್ಡ್ ಆಹೇ ಕಾ?” ಎಂದು ಆ ಬಳೆಯ ರೆಕಾರ್ಡನ್ನು ಕೇಳುತ್ತ ಬಂದ ಮರಾಠಿ ಗೃಹಿಣಿಯೊಬ್ಬಳನ್ನು ನಾನೇ ಕಣ್ಣಾರೆ ಕಂಡೆ. ಆಮೇಲೆ ಏಳಕ್ಕೆ ಬಂತು, ನಾಲ್ಕಕ್ಕೆ ಬಂತು. ನಾನೂ ವಾರಿಜಾಳೂ ಶನಿವಾರ ಸಂಜೆ ಹಲಗೆಯೆದುರು ಏನೂ ಗೊತ್ತಿಲ್ಲದವರಂತೆ ನಿಂತು ಶೇಂಗಾ ತಿನ್ನುತ್ತಿದ್ದೆವು. ಒಂದು ಶನಿವಾರ ಕಣ್ಣು ಮೇಲಿನಿಂದ ಕೆಳಗಿಳಿಯಬೇಕಾಗಿ ಬರಲೇ ಇಲ್ಲ. ಮೊದಲ ಸಾಲಿನಲ್ಲೇ ಇತ್ತು! ಶೇಂಗಾದ ಪೊಟ್ಟಣ ಕೈಯಿಂದ ಬಿದ್ದದ್ದು ಮನೆಗೆ ಬಂದ ಮೇಲೆ ನೆನಪಾಯಿತು.

ಯಾಕೆ ಮೆಚ್ಚಿದರು ಎಂದು ನಾನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ಭಾಷೆ ತಿಳಿಯದವರು, ಮಾಸ್ತರರ ಶಬ್ದಚಾತುರ್ಯ ಮುಟ್ಟದವರು, ನಮ್ಮ ಎಳೆಯ ದನಿಗಳಿಗಿಂತ ಎಷ್ಟೋ ಒಳ್ಳೆಯ ದನಿಗಳನ್ನು ಕೇಳಿದ್ದವರು. ಅವರಿಗೆ ಆ ಬಳೆಯ ಸದ್ದಿನಲ್ಲಿ ತಮ್ಮ ನಲ್ಲಿಯೇ ಕೇಳಿಸಿತೋ ಏನೋ. ಹಾಡುವವಳಿಗೂ ಕೈಯುಂಟು, ಆ ಕೈಗೆ ಬೆಳಗಿನ ಕೆಲಸವುಂಟು ಎಂದು ಅನ್ನಿಸಿತೋ ಏನೋ. ಒಪ್ಪವಾಗಿ ಬಡಿಸಿದ ಎಲೆಯಲ್ಲಿ ತಾಯಿಯ ಕೈಯ ಮಸಿ ಗುರುತು ಕಂಡರೆ ಊಟ ಇನ್ನೂ ರುಚಿಯಾಗುವುದುಂಟಲ್ಲ, ಹಾಗೆ. ಆದರೆ ಈ ತರ್ಕವೆಲ್ಲ ನನಗೆ ಸಮಾಧಾನ ಹೇಳಿಕೊಳ್ಳಲು ನಾನೇ ಹೂಡಿದ್ದು. ಗೆದ್ದದ್ದು ನನ್ನ ತಪ್ಪು, ಸೋತದ್ದು ನಮ್ಮ ಸಂಗೀತ ಎಂಬ ಮುಳ್ಳು ಒಳಗೊಳಗೇ ಚುಚ್ಚುತ್ತಿತ್ತು.

ಸೋಜಿಗ ಇನ್ನೊಂದಿದೆ. ಪರೇಲಿನ ಹೋಟೆಲಿನಲ್ಲಿ ಪದ್ಮಕ್ಕನ ಮಾವ ಗ್ರಾಮಫೋನು ತರಿಸಿಟ್ಟರು. ಗಿರಣಿಯ ಜನ ಚಹಾ ಕುಡಿಯುವಾಗ ಹಾಡು ಹಾಕಿ, ಮೂರನೆಯ ನುಡಿ ಬಂದಾಗ ಗಲ್ಲಾದಿಂದ ಬೆರಳೆತ್ತಿ, “ಕೇಳಿ, ಕೇಳಿ, ಅದು ನಮ್ಮನೆ ಸೊಸೆಯ ಬಳೆ!” ಎನ್ನುತ್ತಿದ್ದರಂತೆ. ಹೆಸರು ಮಾತ್ರ ಕೊನೆಗೂ ಹೇಳಲಿಲ್ಲ. ಆ ಹೋಟೆಲಿನ ಬೋರ್ಡಿನಲ್ಲಿ ಅವರ ಹೆಸರಿತ್ತು. ಹಿಟ್ಟು ರುಬ್ಬಿದವರು, ಲೋಟ ತೊಳೆದವರು, ಊರಿನಿಂದ ಬರುವ ನೆಂಟರಿಗೆಲ್ಲ ಬೇಯಿಸಿ ಹಾಕಿದ ಅತ್ತೆ, ಇವರೆಲ್ಲ ಸಂಗಡಿಗರು. ಲೋಕದ ಮುಕ್ಕಾಲು ಕೆಲಸವನ್ನು ಮಾಡಿ ಮುಗಿಸಿದವರು ಆ ಒಂದು ಶಬ್ದದೊಳಗೆ ಒತ್ತೊತ್ತಾಗಿ ಕೂತಿದ್ದಾರೆ ಎಂದು ನನಗೆ ಈಚೆಗೆ ಅನ್ನಿಸುತ್ತದೆ. ನಮ್ಮ ಎರಡನೆಯ ರೆಕಾರ್ಡು ಬರಲೇ ಇಲ್ಲ. ವಾರಿಜಾ ಮದುವೆಯಾಗಿ ದಿಲ್ಲಿಗೆ ಹೋದಳು, ಪದ್ಮಕ್ಕ ಬಸುರಿಯಾದಳು, ಹಲಗೆಯ ಮೇಲಿನ ಸೀಮೆಸುಣ್ಣವನ್ನು ಮುಂದಿನ ಶನಿವಾರಗಳು ಒರಸಿದವು.

ಹೋದ ತಿಂಗಳು ಕಾಂದಿವಲಿಗೆ ಹೋಗಿದ್ದೆ. ಪದ್ಮಕ್ಕ ಈಗ ಅಲ್ಲಿ ಮಗಳ ಮನೆಯಲ್ಲಿ, ತುಂಬಿದ ಸಂಸಾರದ ನಡುವೆ ಇದ್ದಾಳೆ. ಹಲ್ಲು ಹೋಗಿದೆ, ನಗು ಹೋಗಿಲ್ಲ. ರೆಕಾರ್ಡು ಎಲ್ಲಿದೆ ಎಂದಳು. ಬೆಲ್ಲದ ಡಬ್ಬಿಯ ಮೇಲಿದೆ ಎಂದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಸಲುಗೆಯಲ್ಲಿ ನಾನು ಇಷ್ಟು ವರ್ಷ ಹೇಳದ್ದನ್ನು ಹೇಳಿದೆ: “ಪದ್ಮಕ್ಕ, ನಾನು ಎರಡೆರಡು ಗಂಟು ಹಾಕಿದ್ದೆ ಕಣ್ರೀ. ಹೇಗೆ ಬಿಚ್ಚಿತೋ ಇವತ್ತಿಗೂ ಗೊತ್ತಾಗ್ತಿಲ್ಲ.”

ಅವಳ ನಗು ನಿಂತಿತು. “ಬಿಚ್ಚಿದ್ದು ಅಲ್ಲ,” ಎಂದಳು. “ನಾನೇ ಬಿಚ್ಚಿದೆ. ಹಾಡ್ತಾ ಹಾಡ್ತಾ, ಎಡಗೈಯಲ್ಲಿ. ನಿನ್ನ ಗಂಟು ಗಟ್ಟಿ ಇತ್ತು ಮಾರಾಯ್ತಿ, ಎರಡು ನುಡಿ ಬೇಕಾಯ್ತು ನಂಗೆ!”

ಇಷ್ಟು ವರ್ಷದ ಗಾದೆ, ತಮ್ಮನ ಕುಚೋದ್ಯ, ಮಾಸ್ತರರು ತೀರಿಕೊಳ್ಳುವ ತನಕ ಅವರೆದುರು ನಾನು ತಗ್ಗಿಸಿದ ತಲೆ! ಸಿಟ್ಟು ಉಕ್ಕಿಬಂತು, ನಿಜ ಹೇಳುತ್ತೇನೆ. “ಒಂದು ಮಾತು ಹೇಳಬಾರದಿತ್ತೇ?” ಎಂದೆ.

“ಹೇಳಿದ್ರೆ ಮಾವ ಬಿಡ್ತಿದ್ರಾ? ನಿನ್ನ ಮೇಲೆ ಹಾಕಿದ್ದು ತಪ್ಪೇ. ಬೈಯಿ ಬೇಕಾದ್ರೆ,” ಎಂದು ನನ್ನ ಕೈ ಹಿಡಿದುಕೊಂಡಳು. “ಹೆಸರು ಹಾಕ್ಲಿಕ್ಕಿಲ್ಲ ಅಂದ್ರಲ್ಲ. ಊರಲ್ಲಿ ಅಮ್ಮನಿಗೆ ಗೊತ್ತಾಗ್ಬೇಕಿತ್ತು. ಆ ಹಸಿರು ಬಳೆ ಅಮ್ಮನೇ ಇಡಿಸಿದ್ದು. ಆಮೇಲೆ ಕಾಗದ ಬಂತು ಅಮ್ಮನದ್ದು. ಯಾರದೋ ಮನೆಯಲ್ಲಿ ಹಾಡು ಕೇಳಿದ್ರಂತೆ. ಸ್ವರ ಮೂರೂ ಕೂಡಿದೆ, ಆದ್ರೆ ಬಳೆ ನಿನ್ನದೇ, ಅಂತ ಬರ್ಸಿದ್ರು.”

ಬೈಯಲು ನನಗೆ ಆಗಲಿಲ್ಲ. ಲೋಕಲ್ ರೈಲಿನಲ್ಲಿ ಮನೆಗೆ ಬರುವಾಗ ಕಿಟಕಿಯ ಪಕ್ಕ ಕೂತು ಅತ್ತೆ. ಎದುರಿನ ಹುಡುಗಿ ನೀರಿನ ಬಾಟಲಿ ಮುಂದೆ ಹಿಡಿದಳು.

ಮನೆಗೆ ಬಂದವಳೇ ಬೆಲ್ಲದ ಡಬ್ಬಿಯನ್ನು ಕೆಳಗಿಳಿಸಿದೆ. ರೆಕಾರ್ಡಿನ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರಸಿದೆ. ಸಂಗಡಿಗರು ಎಂದಿದ್ದ ಕಡೆ ಪದ್ಮಕ್ಕನ ಹೆಸರು ಬರೆಯೋಣವೆಂದು ಪೆನ್ನು ತಂದು, ‘ಪ’ ಎಂದು ಶುರು ಮಾಡುವ ಮೊದಲೇ ಕೈ ತಡೆಯಿತು. ಅವಳು ತನ್ನ ರುಜುವನ್ನು ಆ ದಿನವೇ ಹಾಕಿ ಮುಗಿಸಿದ್ದಾಳೆ, ಮೂರನೆಯ ನುಡಿಯಲ್ಲಿ. ಪೆನ್ನು ಕೆಳಗಿಟ್ಟೆ. ಬೆಲ್ಲಕ್ಕೆ ಒಂದು ತಟ್ಟೆ ಮುಚ್ಚಿ, ರೆಕಾರ್ಡಿನ ತೂತಿಗೆ ಇಪ್ಪತ್ತು ವರ್ಷದಿಂದ ತುರುಕಿದ್ದ ಚಿಂದಿಯನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ತೆಗೆದೆ.